ಗಾಯಗೊಂಡ ಹಕ್ಕಿ ಮತ್ತು ಅಭಯದಾನ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಾಮ್ರಾಟ ಅಶೋಕನ ಶಿಲಾಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು 1915ರಲ್ಲಿ ಕಂಡುಹಿಡಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರು ವಿದ್ವಾಂಸರಿಗೆ ಮೊದಲು ದೊರೆತುದು ಅಲ್ಲಿಯೇ. ಧರ್ಮಾಚರಣೆಯ ಫಲವು ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಸಲ್ಲುತ್ತದೆ ಎಂಬುದು ಅದರ ಸಾರ. ಪ್ರಾಣಿದಯೆಯ ಮಾತು ಅವನ ಬೇರೆ ಶಾಸನಗಳಲ್ಲಿದೆ. ಎರಡನೆಯ ಬೃಹತ್ ಶಿಲಾಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾದುದನ್ನು ತಿಳಿಸುತ್ತದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದ್ದು, ಅದು ಗಿಳಿ ಮತ್ತು ಮೈನಾಗಳಿಂದ ಆರಂಭವಾಗುತ್ತದೆ.

ಜೈನ ಶ್ರಾವಕರಿಗೆ ವಿಹಿತವಾದ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿಯೂ ಕಾಪಾಡುವುದು ಮತ್ತು ಚಿಕಿತ್ಸೆ ನೀಡುವುದು ಜೊತೆಜೊತೆಯಾಗಿವೆ. ದೆಹಲಿಯ ಕೆಂಪುಕೋಟೆಯ ಎದುರು, ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆ ಈ ಎರಡು ದಾನಗಳ ಮೂರ್ತರೂಪ. ಗುಣವಾದ ಹಕ್ಕಿಯನ್ನು ಅಲ್ಲಿ ಆಕಾಶಕ್ಕೆ ಬಿಡುತ್ತಾರೆ.

ಗುಣವಾಗುವ ಆಸೆಯೇ ಇಲ್ಲದಿದ್ದರೆ? ಸಿಂಧನೂರಿನ ಭತ್ತದ ಗದ್ದೆಯ ಬದಿಯಲ್ಲಾಗಲಿ, ಲಿಂಗಸುಗೂರಿನ ಮನೆಯೊಂದರ ಸೂರಿಗೆ ಕಟ್ಟಿದ ಗೂಡುಪೆಟ್ಟಿಗೆಯಲ್ಲಾಗಲಿ, ರೆಕ್ಕೆ ಮುರಿದು ನರಳುವ ಹಕ್ಕಿಯನ್ನು ಕಂಡವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದೆ ಇರದು.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಇದೇ ಪ್ರಶ್ನೆ ಎದುರಾಯಿತು. ಅಸಹ್ಯ ವೇದನೆಯಿಂದ ನರಳುತ್ತಿದ್ದ ಕರುವೊಂದು ಬದುಕುವಂತಿರಲಿಲ್ಲ. ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣವನ್ನು ಕೊನೆಗಾಣಿಸಿದರು. ತಮ್ಮ ನಿಲುವನ್ನು ‘ನವಜೀವನ’ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಸ್ವಾರ್ಥದ ಲೇಶವೂ ಇಲ್ಲದೆ, ಬೇರೆ ಯಾವ ಸೇವೆಯೂ ಸಾಧ್ಯವಿಲ್ಲದಾಗ ಮಾಡಿದ ಈ ಕೃತ್ಯ ಅಹಿಂಸೆಯೇ ಎಂಬುದು ಅವರ ವಾದ. ಜೈನರೂ ಸೇರಿದಂತೆ ಅನೇಕರು ಅದನ್ನು ತೀವ್ರವಾಗಿ ಖಂಡಿಸಿದರು.

ಜೈನದೃಷ್ಟಿಯ ಆಕ್ಷೇಪಕ್ಕೆ ಗಟ್ಟಿಯಾದ ಆಧಾರವಿದೆ. ಸಲ್ಲೇಖನವು ತನ್ನ ಅರಿವಿನಿಂದ ತಾನೇ ಕೈಗೊಳ್ಳುವ ವ್ರತ. ಅದನ್ನು ಮತ್ತೊಂದು ಜೀವಿಯ ಮೇಲೆ ಹೇರಲಾಗದು. ಮೂಕಜೀವಿಯ ಸಮ್ಮತಿಯನ್ನು ಕೇಳುವ ದಾರಿಯಿಲ್ಲ. ಮೇಲಾಗಿ, ನೋಡಲಾರದ ನಮ್ಮ ಸಂಕಟವನ್ನು ನಾವು ಅದರ ಸಂಕಟವೆಂದು ಭ್ರಮಿಸುವ ಅಪಾಯವೂ ಉಂಟು. ಆದರೂ ಗಾಂಧೀಜಿಯವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಲ್ಲಲಿಲ್ಲವೆಂಬ ಸಮಾಧಾನದಲ್ಲಿ ನರಳುವ ಜೀವಿಯನ್ನು ಅಲ್ಲಿಯೇ ಬಿಟ್ಟು ಹೋಗುವುದು ದಯೆಯಲ್ಲ, ಉಪೇಕ್ಷೆ.

ಸೇವೆಯೇ ಮೊದಲ ಕರ್ತವ್ಯವೆಂಬಲ್ಲಿ ಎರಡು ಪಕ್ಷಗಳೂ ಒಂದಾಗುತ್ತವೆ. ಗಾಯಗೊಂಡ ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಇರಿಸಿ, ಕತ್ತಲಾದ, ಬೆಚ್ಚನೆಯ, ನಿಶ್ಶಬ್ದವಾದ ಎಡೆಯಲ್ಲಿಡಬೇಕು. ಬಾಯಿಗೆ ನೀರು ಹೊಯ್ಯಬಾರದು; ಅದು ಶ್ವಾಸನಾಳಕ್ಕೆ ಇಳಿಯಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿರುವಾಗ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದು ಸಲ್ಲದು. ಬದುಕುವ ಆಸೆ ಉಂಟೋ ಇಲ್ಲವೋ ಎಂಬುದನ್ನು ಬಲ್ಲವರು ಹೇಳಬೇಕಲ್ಲದೆ, ಕಂಡವರ ಆತುರವಲ್ಲ. ಉಳಿಯದೆಂದು ತಿಳಿದ ಮೇಲೂ ನಾಯಿ, ಬೆಕ್ಕು, ಇರುವೆಗಳ ಬಾಧೆಯಿಲ್ಲದಂತೆ ಅದನ್ನು ಕಾಯುವುದು ಅಭಯದಾನವೇ.

ಬಸದಿಯ ಟ್ರಸ್ಟುಗಳು ಇಂತಹ ಪೆಟ್ಟಿಗೆಯೊಂದನ್ನೂ ಸಮೀಪದ ಪಶುವೈದ್ಯರ ವಿಳಾಸವನ್ನೂ ಸಿದ್ಧವಾಗಿರಿಸಿಕೊಂಡರೆ ಈ ದಾನಕ್ಕೆ ಹೆಚ್ಚಿನ ಹಣ ಬೇಕಾಗದು. ಧರ್ಮವು ಸಾಮಾನ್ಯರಿಗೂ ಸಾಧ್ಯವೆಂದ ಮಸ್ಕಿಯ ಬಂಡೆಯ ಮಾತು ಇಲ್ಲಿಯೂ ಸಲ್ಲುತ್ತದೆ.