ಮುತ್ಯಾನ ಟ್ರಂಕು ಮತ್ತು ಕಾಲೇಜಿನ ಮೊದಲ ವರ್ಷ

ಮೊನ್ನೆ ರಾತ್ರಿ ಊರಿಂದ ಫೋನು. ಕಾಕಾನ ಮಗಳು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲಿಗೆ ಹೋಗಬೇಕು. ನಮ್ಮ ಮನೆಯಿಂದ ಹಾಸ್ಟೆಲಿಗೆ ಹೋಗ್ತಿರೋ ಮೊದಲ ಹುಡುಗಿ ಅವಳು. "ಅಣ್ಣಾ, ಏನೇನ್ ಒಯ್ಬೇಕು ಹೇಳು, ಚೀಟಿ ಬರ್ಕೋತೀನಿ" ಅಂದಳು. ನಾನು ಶುರು ಮಾಡಿದೆ... ಬಕೆಟ್ಟು, ಬೀಗ, ಕೌದಿ, ಹತ್ತು ಪಾಸ್‌ಪೋರ್ಟ್ ಸೈಜ್ ಫೋಟೋ, ಎಲ್ಲ ದಾಖಲೆಗಳ ಮೂರು ಮೂರು ಝೆರಾಕ್ಸು. ಹೇಳ್ತಾ ಹೇಳ್ತಾ ನನಗೇ ಅನ್ನಿಸಿತು, ನಮ್ಮ ಕಡೆಯ ಹುಡುಗರು ಈ ಚೀಟಿಯನ್ನ ಎಷ್ಟು ಕಾಲದಿಂದ ಬರೀತಾ ಇದ್ದಾರೆ ಅಂತ. ಫೋನಿಟ್ಟ ಮೇಲೂ ಅದೇ ತಲೆಯಲ್ಲಿ. ಹಾಗಾಗಿ ಇದು.

ನಮ್ಮೂರು ಗಾಣಗಾಪುರ. ದತ್ತಾತ್ರೇಯ ದೇವಸ್ಥಾನ, ಭೀಮಾ-ಅಮರಜಾ ಸಂಗಮ ಅಂದರೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತೆ. ರೈಲಿನಲ್ಲಿ ಬಂದವರು 'ಗಾಣಗಾಪುರ ರೋಡ್' ಸ್ಟೇಷನ್ನಿನಲ್ಲಿ ಇಳಿದು ಊರು ಎಲ್ಲಿ ಅಂತ ಹುಡುಕೋದೂ ಮಾಮೂಲು (ಊರು ಅಲ್ಲಿಂದ ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ದೂರ!). ಆದರೆ ನಮ್ಮ ಸುತ್ತಮುತ್ತ ಸಾವಿರ ವರ್ಷದ ಹಿಂದೆಯೇ ಹಾಸ್ಟೆಲುಗಳಿದ್ದವು ಅನ್ನೋದು ನನಗೂ ಇಂಜಿನಿಯರಿಂಗ್ ಮುಗಿಯೋವರೆಗೆ ಗೊತ್ತಿರಲಿಲ್ಲ.

ಪಕ್ಕದ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಅಂತ ಊರಿದೆ. ಕ್ರಿ.ಶ. 945ರ ಅಲ್ಲಿನ ಶಾಸನದ ಪ್ರಕಾರ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅನ್ನೋನು ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿಂದ ಬಂದ ಹುಡುಗರು ಇರೋದಕ್ಕೆ 27 ಮನೆ. ದೀಪದ ಖರ್ಚಿಗೆ ಬೇರೆಯಾಗಿ 12 ನಿವರ್ತನ ಭೂಮಿ, ಮುಖ್ಯ ಅಧ್ಯಾಪಕನಿಗೆ 50 ನಿವರ್ತನ. ಇನ್ನೂ ಮಜಾ ಅಂದರೆ ಊರಿನವರ ಪಾಲು. ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ, ಎಲ್ಲ ಶಾಲೆಗೆ. ರಾತ್ರಿ ಓದೋಕೆ ಬೆಳಕು ಬೇಕು, ಅದಕ್ಕೆ ಎಣ್ಣೆ ಬೇಕು, ಎಣ್ಣೆಗೆ ದುಡ್ಡು ಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು.

ಇತ್ತ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನ. 1058ರ ಶಾಸನದಲ್ಲಿ ವೇದ ಓದೋ 200 ವಿದ್ಯಾರ್ಥಿಗಳು, ಶಾಸ್ತ್ರ ಓದೋರು ಐವತ್ತರ ಆಸುಪಾಸು, ಅವರ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗ'ರ ಉಲ್ಲೇಖವಿದೆ. ಅಂದರೆ ಲೈಬ್ರರಿಯವರು. ಇನ್ನೂರೈವತ್ತು ಹುಡುಗರಿಗೆ ಆರು ಮಂದಿ! ನಾನು ಓದಿದ ಕಾಲೇಜಿನಲ್ಲಿ ಎರಡು ಸಾವಿರ ಹುಡುಗರಿಗೆ ಇಬ್ಬರಿದ್ದರು, ಅವರಲ್ಲೂ ಒಬ್ಬರು ಸದಾ ರಜೆ.

ಹೆಮ್ಮೆ ಪಡೋ ಮುಂಚೆ ಇನ್ನೊಂದು ಮಾತೂ ಹೇಳಬೇಕು. ಆ 27 ಮನೆಗಳಲ್ಲಿ ನನ್ನ ತಂಗಿಗೆ ಜಾಗ ಇರಲಿಲ್ಲ. ನನಗೂ ಇರುತ್ತಿರಲಿಲ್ಲ. ವೇದ ಓದೋ ಹಕ್ಕಿದ್ದ ಮನೆಯ ಗಂಡು ಹುಡುಗರಿಗೆ ಮಾತ್ರ ಆ ದೀಪ ಉರಿಯುತ್ತಿತ್ತು. ಬಾಗಿಲು ಉಳಿದವರಿಗೆ ತೆರೆಯೋಕೆ ಬಹಳ ಕಾಲ ಹಿಡಿಯಿತು. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದದ್ದು 1934ರಲ್ಲಿ.

ಈಗ ನಮ್ಮ ಮುತ್ಯಾನ ಕಾಲಕ್ಕೆ ಬರ್ತೀನಿ. (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ.) ಅವಾಗ ನಮ್ಮದು ನಿಜಾಮನ ಹೈದರಾಬಾದ್ ಸಂಸ್ಥಾನ. ಕಾಲೇಜು ಅಂದರೆ ಉಸ್ಮಾನಿಯಾ. 1917ರ ಫರ್ಮಾನಿನಿಂದ ಹುಟ್ಟಿ, 1918ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ಇಂಗ್ಲಿಷ್ ಬಿಟ್ಟು ಒಂದು ದೇಶಭಾಷೆಯಲ್ಲಿ, ಅಂದರೆ ಉರ್ದುವಿನಲ್ಲಿ, ವಿಜ್ಞಾನ, ಕಾನೂನು, ವೈದ್ಯ ಎಲ್ಲ ಕಲಿಸ್ತೀವಿ ಅಂತ ಹೊರಟದ್ದು. ಅದಕ್ಕಾಗಿ ಒಂದು ಅನುವಾದ ಕಚೇರಿಯನ್ನೇ ತೆರೆದು ಪಠ್ಯಪುಸ್ತಕಗಳನ್ನ ಉರ್ದುವಿಗೆ ತಂದರು. ಕನ್ನಡದಲ್ಲಿ ಇಂಜಿನಿಯರಿಂಗ್ ಯಾಕಾಗಬಾರದು ಅಂತ ನಾವು ಚರ್ಚೆ ಮಾಡ್ತೀವಲ್ಲ, ಆ ಪ್ರಯೋಗ ನೂರು ವರ್ಷದ ಹಿಂದೆಯೇ ನಡೆದಿತ್ತು. ಒಂದೇ ತೊಡಕು. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ನಮ್ಮ ಹುಡುಗರಿಗೆ ಉರ್ದುವೂ ಕಲಿತು ಬರಬೇಕಾದ ಭಾಷೆಯೇ.

1938ರಲ್ಲಿ ಅಲ್ಲಿನ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಸಂಸ್ಥಾನದ ಕಾಲೇಜುಗಳಿಂದ ಬಹಳಷ್ಟು ವಿದ್ಯಾರ್ಥಿಗಳನ್ನ ಹೊರಹಾಕಿದರು. ಅವರನ್ನ ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಟ್ರಂಕು ಹೊತ್ತು ಹೈದರಾಬಾದಿಗೆ ಬಂದ ಹುಡುಗ ಅದೇ ಟ್ರಂಕು ಹೊತ್ತು ನಾಗಪುರದ ರೈಲು ಹತ್ತೋದು ಅಂದರೆ ಏನು ಅಂತ ಹಾಸ್ಟೆಲಿನಲ್ಲಿದ್ದವರಿಗೆ ಗೊತ್ತು.

ನಮ್ಮ ಮುತ್ಯಾ ಹುಟ್ಟಿದ್ದು 1936ರಲ್ಲಿ. ನಾಲ್ಕನೇ ಇಯತ್ತೆ ತನಕ ಕನ್ನಡ, ಆಮೇಲೆ ಉರ್ದು. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತದ ಕೈಗೆ ಬಂತು, ಅವನ ಶಾಲೆ ಮತ್ತೆ ಕನ್ನಡಕ್ಕೆ ತಿರುಗಿತು. ಉಸ್ಮಾನಿಯಾ ಉರ್ದು ಬಿಟ್ಟು ಇಂಗ್ಲಿಷಿಗೆ ಹೊರಳಿತು. 1954ರಲ್ಲಿ ಮುತ್ಯಾ ತಗಡಿನ ಟ್ರಂಕು ಹಿಡಿದು ಗಾಣಗಾಪುರ ರೋಡಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ, ಹೈದರಾಬಾದಿನ ಒಂದು ಕಾಲೇಜಿಗೆ ಸೇರಿದ. ಟ್ರಂಕಿನಲ್ಲಿ ಎರಡು ಧೋತರ, ಕೌದಿ, ಒಂದು ತಿಂಗಳಿಗಾಗೋ ಕಟಕ ರೊಟ್ಟಿ, ಶೇಂಗಾ ಹಿಂಡಿ. ಊಟಕ್ಕೆ ವಾರಾನ್ನ, ಅಂದರೆ ದಿನಕ್ಕೊಂದು ಮನೆ. ಗಾಣಗಾಪುರದಲ್ಲಿ ಮಧ್ಯಾಹ್ನ ಭಕ್ತರು ಐದು ಮನೆ ಮಧುಕರಿ ಬೇಡೋದನ್ನ ನೋಡಿ ಬೆಳೆದವನಿಗೆ ಅದರಲ್ಲಿ ನಾಚಿಕೆ ಇರಲಿಲ್ಲವಂತೆ. "ಅನ್ನ ಬೇಡೂದು ನಮಗ ರೂಢಿ ಇತ್ತೋ ತಮ್ಮಾ, ಅರ್ಥ ಬೇಡೂದು ರೂಢಿ ಇರ್ಲಿಲ್ಲ" ಅಂತಿದ್ದ.

ಅವನ ಮಾತಿನ ಅರ್ಥ ನನಗೆ ಗೊತ್ತಾಗಿದ್ದು ಅವನು ಹೋದ ಮೇಲೆ. ಟ್ರಂಕಿನ ತಳದಲ್ಲಿ ಒಂದು ನೋಟುಬುಕ್ಕು ಸಿಕ್ಕಿತು. ಪುಟದ ಬಲಗಡೆ ಉರ್ದು ಲಿಪಿ, ಎಡಗಡೆ ಅಲ್ಲಲ್ಲಿ ಕನ್ನಡ. ನನಗೆ ಉರ್ದು ಓದೋಕೆ ಬರಲ್ಲ. ಆಫೀಸಿನಲ್ಲಿ ಹೈದರಾಬಾದಿನ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಎರಡು ಸಾಲು ಓದಿ ನಕ್ಕ, "ಇದು ಉರ್ದು ಅಲ್ಲ ಮಾರಾಯಾ, ಇಂಗ್ಲಿಷು!" ವೆಲಾಸಿಟಿ. ಸಬ್‌ಸ್ಟೆನ್ಸ್. ದೇರ್‌ಫೋರ್. ಕ್ಲಾಸಿನಲ್ಲಿ ಕಿವಿಗೆ ಬಿದ್ದ ಪದವನ್ನ ಕೈಗೆ ವೇಗವಾಗಿ ಬರ್ತಿದ್ದ ಲಿಪಿಯಲ್ಲಿ ಬರೆದುಕೊಂಡು, ಅರ್ಥ ಕನ್ನಡದಲ್ಲಿ ಬರೆಯೋಕೆ ಜಾಗ ಬಿಟ್ಟಿದ್ದಾನೆ. ಮೊದಲ ನಾಲ್ಕು ಪುಟ ತುಂಬಿದೆ. ಆಮೇಲೆ ಎಡಗಡೆ ಖಾಲಿಯಾಗ್ತಾ ಹೋಗುತ್ತೆ. ಹನ್ನೊಂದನೇ ಪುಟಕ್ಕೆ ಬಲಗಡೆಯೂ ನಿಂತಿದೆ. ಗೆಳೆಯ ನಗೋದು ನಿಲ್ಲಿಸಿ ಪುಸ್ತಕ ಮೆಲ್ಲಗೆ ಮುಚ್ಚಿ ಕೊಟ್ಟ.

ಮುತ್ಯಾ ಮೊದಲ ವರ್ಷವೇ ಬಿಟ್ಟು ಬಂದ. ಹೊಲ ನೋಡೋರಿರಲಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದ, ನಾವೂ ನಂಬಿದ್ದೆವು.

ಅವನು ವಾಪಸ್ ಬಂದ ಮೇಲೆ ಒಂದೊಂದೇ ಬದಲಾಯಿತು. 1956ರ ನವೆಂಬರ್ 1ಕ್ಕೆ ಕಲಬುರಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ವಿಶ್ವವಿದ್ಯಾಲಯ ಅಂದರೆ ಹೈದರಾಬಾದಿನ ಬದಲು ಧಾರವಾಡ ಅಂತಾಯಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು, ಅದೇ ವರ್ಷ ಕಲಬುರಗಿಗೆ ಇಂಜಿನಿಯರಿಂಗ್ ಕಾಲೇಜೂ ಬಂತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲೊಂದು ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ರಸ್ತೆಯ ಕಡಗಂಚಿಯಲ್ಲಿ ಅದರ ಕ್ಯಾಂಪಸ್ಸು. ಹೈದರಾಬಾದಿನ ರೈಲು ಪ್ರಯಾಣ ಮೊಮ್ಮಗಳ ಕಾಲಕ್ಕೆ ಎರಡು ಬಸ್ಸಿಗೆ ಇಳಿಯಿತು.

ನನ್ನ ಪಾಲಿಗೆ ಬಂದದ್ದು 371(ಜೆ). ಸಂವಿಧಾನದ 98ನೇ ತಿದ್ದುಪಡಿ. 2013ರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು. ಆ ಎಂಟರಲ್ಲಿ ನಾನೊಬ್ಬ. ಬೆಂಗಳೂರಿನ ಕಾಲೇಜಿನ ಮೊದಲ ವಾರ ಒಬ್ಬ ಕೇಳಿದ, "ನೀನು ಎಚ್‌ಕೆ ಕೋಟಾನಾ?" ಇನ್ನೊಬ್ಬ ನನ್ನ "ಹೌದ್ರಿ"ಯನ್ನ ಅಣಕಿಸಿ ಎಲ್ಲರನ್ನ ನಗಿಸಿದ. ನಾನೂ ನಕ್ಕೆ. ಅದಾದ ಮೇಲೆ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಯಿತು. ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದಿದ್ದ ಗಣಿತ! ಲೆಕ್ಕ ಬರ್ತಿರಲಿಲ್ಲ ಅಂತಲ್ಲ, ಪ್ರಶ್ನೆ ಕೇಳೋಕೆ ಹೆದರಿ ಮೂರು ತಿಂಗಳು ಸುಮ್ಮನೆ ಕೂತಿದ್ದೆ. ವಾಪಸ್ ಬರ್ತೀನಿ ಅಂತ ಅಪ್ಪನಿಗೆ ಫೋನು ಮಾಡೋಕೂ ಹೊರಟಿದ್ದೆ. ಅವತ್ತು ರಾತ್ರಿ ಮೆಸ್ಸಿನಲ್ಲಿ ಬೀದರಿನ ಸೀನಿಯರ್ ಒಬ್ಬ ಎದುರು ಕೂತು, "ಯಾಕ್ಲೇ ಉಣ್ಣವಲ್ಲಿ?" ಅಂದ. ನಮ್ಮ ಮಾತು ಕೇಳಿ ಗಂಟಲು ಕಟ್ಟಿತು. ಆಮೇಲೆ ದಿನಾ ರಾತ್ರಿ ಒಂಬತ್ತಕ್ಕೆ ಅವನ ರೂಮಿನಲ್ಲಿ ಗಣಿತ. ಉಳಿದುಕೊಂಡೆ.

ಮುತ್ಯಾನಿಗೂ ನನಗೂ ನಡುವೆ ಅರವತ್ತು ವರ್ಷ. ನನಗೆ ಸಾಲ ಸಿಕ್ಕಿತು, ಮೀಸಲಾತಿ ಸಿಕ್ಕಿತು, ಮೊಬೈಲಿತ್ತು. ಆದರೂ ನಾನು ಉಳಿದದ್ದು, ಅವನು ಉಳಿಯದೇ ಹೋದದ್ದು, ಆ ರಾತ್ರಿ ಎದುರಿಗೆ ಯಾರು ಕೂತಿದ್ದರು ಅನ್ನೋದರ ಮೇಲೆ ನಿಂತಿತ್ತೇನೋ ಅನ್ನಿಸುತ್ತೆ.

ತಂಗಿಯದೂ ಅದೇ ಕಥೆ. ಓದಿದ್ದು ಕನ್ನಡ ಮಾಧ್ಯಮ. ಸೇರೋಕೆ ಬರೆದ ಸಿಯುಇಟಿ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು, ಬರೆದಳು. ಕ್ಲಾಸು ಮಾತ್ರ ಇಂಗ್ಲಿಷು. ಅದಕ್ಕೇ ನಿನ್ನೆ ಮತ್ತೆ ಫೋನು ಮಾಡಿ ಚೀಟಿಗೆ ನಾಲ್ಕು ಸಾಲು ಸೇರಿಸಿದೆ. ಮೊದಲ ವಾರವೇ ಒಂದು ಪ್ರಶ್ನೆ ಕೇಳು, ತಪ್ಪು ಇಂಗ್ಲಿಷಿನಲ್ಲೇ ಕೇಳು. ಲೈಬ್ರರಿಯವರ ಹೆಸರು ತಿಳ್ಕೋ. ನಿನ್ನ ಹಂಗ ಮಾತಾಡೋ ಒಬ್ಬ ಸೀನಿಯರ್ ಅಕ್ಕನ್ನ ಹುಡುಕು. ಯಾವಳಾದರೂ ಊಟ ಬಿಟ್ಟು ಕೂತಿದ್ದರೆ ಹೋಗಿ ಎದುರಿಗೆ ಕೂಡು.

ಮುತ್ಯಾನ ನೋಟುಬುಕ್ಕಿನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಮತ್ತ ಟ್ರಂಕು ಒಯ್ಲೇನು?" ಅಂತ ಕೇಳಿದಳು. ಬೇಡ, ಭಾರ ಆಗುತ್ತೆ, ಬ್ಯಾಗೇ ಸಾಕು ಅಂದೆ. "ಕಡಗಂಚಿ ಏನ್ ಹೈದರಾಬಾದ್ ಏನಣ್ಣಾ, ಬಸ್ಸಿನ್ಯಾಗ ಹಾಕ್ಕೊಂಡು ಹೋಗ್ತೀನಿ" ಅಂದಳು. ಬರೋ ಸೋಮವಾರ ಹೊರಡ್ತಾಳೆ. ಟ್ರಂಕಿನ ಚಿಲಕ ಮುರಿದಿದೆ, ಶನಿವಾರ ಊರಿಗೆ ಹೋಗಿ ರಿಪೇರಿ ಮಾಡಿಸಬೇಕು.

ನಿಮ್ಮ ಮೊದಲ ವರ್ಷದಲ್ಲಿ ಎದುರಿಗೆ ಬಂದು ಕೂತವರು ಯಾರು? ನೆನಪಾದರೆ ಬರೆಯಿರಿ. ತಂಗಿಗೆ ಓದಿ ಹೇಳ್ತೀನಿ.