ಮದ್ದಿನ ಹಿಂದಿನ ಉಪ್ಪು

ಶೂಟಿಂಗ್ ಕಲಿಯುತ್ತಿರುವ ಗೆಳೆಯ ಮೊನ್ನೆ ಕೇಳಿದ, "ಪಿಸ್ತೂಲಿಗೂ ರೈಫಲ್ಲಿಗೂ ಬೇರೆ ಬೇರೆ ಮದ್ದು ಯಾಕೋ?" ಪಿಸ್ತೂಲಿನ ನಳಿಗೆ ಗಿಡ್ಡ. ಗುಂಡು ಹೊರಬೀಳುವುದರೊಳಗೆ ಮದ್ದು ಉರಿದು ಮುಗಿಯಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡುವ ಮೊದಲೂ ಇದೇ ಲೆಕ್ಕ: ಫಿರಂಗಿಗೆ ದಪ್ಪ ಕಾಳು, ಪಿಸ್ತೂಲಿಗೆ ಸಣ್ಣ ಕಾಳು.

ಕಾಳಿಗಿಂತ ಮೊದಲು ನೋಡಬೇಕಾದ್ದು ಪೆಟ್ಲುಪ್ಪು. ಗಂಧಕ, ಇದ್ದಿಲು ಬಿಟ್ಟರೆ ಕರಿಮದ್ದಿನ ಮುಕ್ಕಾಲು ಪಾಲು ಅದೇ. ಅದರಲ್ಲಿ ಬೇರೆ ಉಪ್ಪು ಬೆರೆತಿದ್ದರೆ ಮದ್ದು ತೇವ ಎಳೆದುಕೊಂಡು ಠುಸ್ಸೆನ್ನುತ್ತದೆ. ಚೌಳು ಮಣ್ಣನ್ನು ನೆನೆಸಿ, ಸೋಸಿ, ಕಾಯಿಸಿ ಆರಲು ಬಿಟ್ಟರೆ ಪೆಟ್ಲುಪ್ಪು ಹರಳುಗಟ್ಟುತ್ತದೆ, ಅಡುಗೆ ಉಪ್ಪು ಬಹುಪಾಲು ನೀರಲ್ಲೇ ಉಳಿಯುತ್ತದೆ. ಈ ಹದ ಬಲ್ಲವರು ಉಪ್ಪಾರರು. ನಮ್ಮ ಚಾಮರಾಜನಗರದ ಕಡೆ ಇಂದಿಗೂ ಅವರು ಬಹಳ ಜನ.

2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು ರೈಲು ಹಳಿಗಾಗಿ ಇಡಿಯಾಗಿ ಸರಿಸಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯಲ್ಲಿ ಸಾವಿರದಷ್ಟು ರಾಕೆಟ್ಟು ಸಿಕ್ಕವು. ಎರಡೂ ಸಲ ಪೇಪರುಗಳನ್ನು ಆಸೆಯಿಂದ ಓದಿದೆ... ಉಪ್ಪು ಕಾಯಿಸಿದವರ ಸುದ್ದಿ ನನಗಂತೂ ಕಾಣಲಿಲ್ಲ!

ನಮ್ಮ ಹೊನ್ನೂರಿರುವ ಯಳಂದೂರು ಸೀಮೆ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಟಿಪ್ಪುವಿನ ಲೆಕ್ಕಪತ್ರ ನೋಡುತ್ತಿದ್ದವರೂ ಅವರೇ. ಪಕ್ಕದ ಕೊಳ್ಳೇಗಾಲ ಮಾತ್ರ 1956ರವರೆಗೆ ಮದ್ರಾಸಿನದು. ಅಲ್ಲಿ ಸರ್ಕಾರ ಉಪ್ಪನ್ನು ತನ್ನ ಸೊತ್ತು ಮಾಡಿಕೊಂಡಿತು, ಮಣ್ಣಿನಿಂದ ಉಪ್ಪು ತೆಗೆಯುವುದೇ ಅಪರಾಧವಾಯಿತು. ಒಲೆಗಳು ಆರಿದವು. ಹೆಸರಲ್ಲೇ ಉಪ್ಪಿರುವವರು ಮಣ್ಣು ಕೆಲಸ, ಗಾರೆ ಕೆಲಸ ಹಿಡಿದರು.

ನಿಮ್ಮೂರಲ್ಲಿ ಪೆಟ್ಲುಪ್ಪಿನ ಗುಂಡಿ ಕಂಡ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ.