ತೆಲಗಿ, ಅಬ್ದುಲ್ ಕರೀಂ

ಅಬ್ದುಲ್ ಕರೀಂ ತೆಲಗಿ (1961–2017) ನಕಲಿ ಛಾಪಾ ಕಾಗದ ಹಗರಣದ ಸೂತ್ರಧಾರ. ಬೆಳಗಾವಿ ಜಿಲ್ಲೆಯ ಖಾನಾಪುರದವನು. ರೈಲ್ವೆ ನೌಕರನಾಗಿದ್ದ ತಂದೆ ಬೇಗ ತೀರಿಕೊಂಡಾಗ ರೈಲುಗಳಲ್ಲಿ ಹಣ್ಣು ಮಾರಿ ಓದಿದ. ಕೆಲವು ವರ್ಷ ಸೌದಿ ಅರೇಬಿಯಾದಲ್ಲಿದ್ದು ಮುಂಬೈಗೆ ಮರಳಿದವನು ಕೊಲ್ಲಿ ದೇಶಗಳಿಗೆ ಕೂಲಿಗಳನ್ನು ಕಳಿಸಲು ಖೋಟಾ ದಾಖಲೆ ಸೃಷ್ಟಿಸಿ ಮೊದಲು ಸಿಕ್ಕಿಬಿದ್ದ.

1994ರ ಸುಮಾರಿಗೆ ಛಾಪಾ ಕಾಗದ ಮಾರುವ ಪರವಾನಗಿ ಪಡೆದ. ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯ ವಿಲೇವಾರಿ ಮಾಡಿದ ಹಳೆಯ ಯಂತ್ರಗಳನ್ನು ಕೊಂಡು ತಾನೇ ಮುದ್ರಣಕ್ಕಿಳಿದ. ಅಸಲಿ ಕಾಗದಕ್ಕೆ ಸದಾ ಅಭಾವವಿದ್ದುದೇ ಅವನ ಬಂಡವಾಳ. ಬಿಡಿ ಗಿರಾಕಿಗಳಿಗಿಂತ ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳಿಗೆ ಸಗಟಾಗಿ ಮಾರಿದ. ಅಲ್ಲಿ ಕಾಗದವನ್ನು ಬೆಳಕಿಗೆ ಹಿಡಿದು ನೋಡುವವರೇ ಇರಲಿಲ್ಲ. ಲಂಚ ಉಳಿದದ್ದನ್ನು ನೋಡಿಕೊಂಡಿತು.

2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಕಾಗದ ಸಿಕ್ಕಿ ಜಾಲ ಬಯಲಾಯಿತು. 2001ರ ನವೆಂಬರಿನಲ್ಲಿ ಅಜ್ಮೀರದಲ್ಲಿ ತೆಲಗಿಯ ಬಂಧನವಾಯಿತು. ಕರ್ನಾಟಕದ ‘ಸ್ಟ್ಯಾಂಪಿಟ್’ ತನಿಖಾ ತಂಡದ ಬಳಿಕ ಪ್ರಕರಣ ಸಿಬಿಐಗೆ ಹೋಯಿತು. ಮಹಾರಾಷ್ಟ್ರದಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳೂ ಬಂಧನಕ್ಕೊಳಗಾದರು. ಪತ್ರಿಕೆಗಳು ಹಗರಣವನ್ನು 30,000 ಕೋಟಿ ರೂಪಾಯಿವರೆಗೂ ಹಿಗ್ಗಿಸಿದ್ದವು. ಆ ಅಂಕಿ ಸಾಬೀತಾಗಲಿಲ್ಲ. 2006ರಲ್ಲಿ 30 ವರ್ಷಗಳ ಕಠಿಣ ಶಿಕ್ಷೆ, 2007ರಲ್ಲಿ ಇನ್ನೊಂದು ಪ್ರಕರಣದಲ್ಲಿ 202 ಕೋಟಿ ರೂಪಾಯಿ ದಂಡ ಬಿತ್ತು. ಪರಪ್ಪನ ಅಗ್ರಹಾರದ ಕೈದಿಯಾಗಿದ್ದಾಗಲೇ 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತ.